ಹಾಳೆಯ ಹಿಂಬದಿಯಲ್ಲಿ ಹೃದಯದ ಚಿತ್ರ ಬಿಡಿಸಿಕೊಟ್ಟ ಡಾಕ್ಟರಿಗೆ

ಮೈಸೂರಿನ ಹೃದ್ರೋಗ ಆಸ್ಪತ್ರೆಯಲ್ಲಿ ಅಪ್ಪನ ಆಂಜಿಯೋಗ್ರಾಂ ಆದ ಸಂಜೆ ಸಿಕ್ಕ ಆ ಕಿರಿಯ ಡಾಕ್ಟರಮ್ಮನ ಹೆಸರು ನನಗೆ ಗೊತ್ತಿಲ್ಲ. ಮೂರು ರಕ್ತನಾಳಗಳಲ್ಲೂ ಬ್ಲಾಕ್, ಬೈಪಾಸೇ ಸೂಕ್ತ ಎಂದು ತಿಳಿಸಿದ್ದರು. ಪಕ್ಕದ ಮನೆಯವರಿಗೂ ಮೂರು ಬ್ಲಾಕ್ ಇದ್ದು, ನಾಳದೊಳಗೆ ಪುಟ್ಟ ಜಾಲರಿ ಕೊಳವೆ ಇಡುವ ಸ್ಟೆಂಟ್‌ನಲ್ಲೇ ಮುಗಿದಿತ್ತು. ಇವರ ಎದೆ ಮಾತ್ರ ಯಾಕೆ ಕೊಯ್ಯಬೇಕು ಎಂದು ಅಮ್ಮ ಒಂದೇ ಸಮನೆ ಅಳುತ್ತಿದ್ದರು.

ಡ್ಯೂಟಿ ಮುಗಿಸಿ ಹೊರಟಿದ್ದ ಆ ಡಾಕ್ಟರಮ್ಮ ಅಮ್ಮನನ್ನು ಕಂಡು ನಿಂತರು. ಬ್ಯಾಗನ್ನು ನೆಲದ ಮೇಲಿಟ್ಟು ಬೆಂಚಿನಲ್ಲಿ ಪಕ್ಕಕ್ಕೇ ಕೂತು, ನನ್ನ ಕೈಯಲ್ಲಿದ್ದ ಹಾಳೆ ತಿರುಗಿಸಿ ನಾಳಗಳ ಚಿತ್ರ ಬಿಡಿಸಿದರು. "ಬ್ಲಾಕ್ ಎಷ್ಟು ಅನ್ನೋದಷ್ಟೇ ಅಲ್ಲಮ್ಮಾ, ಎಲ್ಲಿ, ಎಂಥದ್ದು ಅಂತಲೂ ನೋಡ್ತೀವಿ."

ಹಾಗೆ ನೋಡಿ ಕೊಡುವ ಅಂಕಕ್ಕೆ ಸಿಂಟ್ಯಾಕ್ಸ್ ಸ್ಕೋರ್ ಎನ್ನುತ್ತಾರಂತೆ. ಒಂದೂವರೆ ಮಿಲಿಮೀಟರಾದರೂ ಅಗಲವಿರುವ ನಾಳ ಅರ್ಧದಷ್ಟೋ ಹೆಚ್ಚೋ ಕಟ್ಟಿದ್ದರೆ ಅಂಕ ಬೀಳುತ್ತದೆ. ಕವಲಿನಲ್ಲಿ ಕಟ್ಟಿದ್ದರೆ, ಸುಣ್ಣದಂತೆ ಗಟ್ಟಿಯಾಗಿದ್ದರೆ ಇನ್ನಷ್ಟು. ಪೂರ್ತಿ ಮುಚ್ಚಿದ್ದರಂತೂ ಬಹಳ. 22ರವರೆಗೆ ಕಡಿಮೆ, 23ರಿಂದ 32 ಮಧ್ಯಮ, 33ರಿಂದ ಮೇಲೆ ಹೆಚ್ಚು. ಅಪ್ಪನದು 36. ಮೇಲಾಗಿ ಸಕ್ಕರೆ ಕಾಯಿಲೆ. ಇಂಥವರಿಗೆ ಸ್ಟೆಂಟ್‌ಗಿಂತ ಬೈಪಾಸ್ ಹೆಚ್ಚು ಕಾಲ ಕೈ ಹಿಡಿಯುತ್ತದೆ ಎಂದರು.

ಅಮ್ಮ ಕೇಳಿದ್ದನ್ನೇ ಮತ್ತೆ ಕೇಳಿದರು. ಅವರು ಬೇಸರಿಸದೆ, ಪೆನ್ನಿನ ತುದಿಯನ್ನು ಅದೇ ಕವಲಿನ ಮೇಲಿಟ್ಟು ಮೊದಲಿನಿಂದ ಹೇಳಿದರು. ಅಮ್ಮ ಕಣ್ಣೊರೆಸಿಕೊಂಡು "ಹಾಗಾದ್ರೆ ಮಾಡಿಸೋಣ" ಎಂದಾಗ ನನಗೆ ಹೋದ ಜೀವ ಬಂದಂತಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಡಾಕ್ಟ್ರೇ. ಅಪ್ಪ ಈಗ ತಾವೇ ನಡೆದು ಹೋಗಿ ಹಾಲು ತರುತ್ತಾರೆ. ಅಮ್ಮ ನಿಮ್ಮನ್ನು ಊಟಕ್ಕೆ ಕರೆಯಬೇಕು ಅಂತಿದ್ದಾರೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಬನ್ನಿ.