ಪಾರಿವಾಳದ ಕಾಟಕ್ಕೆ ಗಾಳಿಯನ್ನೇ ಮುಚ್ಚಿದ್ದೆ

ಮಾನ್ಯ ಸಂಪಾದಕರೇ,

ನಮಸ್ಕಾರ. ಚಳಿ ಶುರುವಾಗಿದೆ, ಈಗ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲೂ ಬೆಳಗ್ಗೆ ಬಿಸಿನೀರು ಬೇಕೇ ಬೇಕು. ಅದಕ್ಕೇ ಈ ಪತ್ರ.

ಹೋದ ವರ್ಷ ಜನವರಿಯಲ್ಲಿ ಸ್ನಾನಕ್ಕೆ ಹೋದ ನನ್ನ ಹೆಂಡತಿ ಬಚ್ಚಲಲ್ಲೇ ಕುಸಿದು ಬಿದ್ದಳು. ಬಕೆಟ್ ಉರುಳಿದ ಸದ್ದಿಗೆ ಓಡಿದೆ. ಪುಣ್ಯಕ್ಕೆ ಚಿಲಕ ಸಡಿಲ ಇತ್ತು, ಭುಜ ಕೊಟ್ಟು ತಳ್ಳಿದಾಗ ಬಾಗಿಲು ತೆರೆಯಿತು. ಹಾಲ್‌ಗೆ ಎಳೆದು ತಂದು ಬಾಲ್ಕನಿ ಬಾಗಿಲು ತೆಗೆದ ಮೇಲೆ ಕಣ್ಣು ಬಿಟ್ಟಳು. ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ ಅಂದಳು. ನಾನು ಬಿಪಿ ಇರಬೇಕು ಅಂದೆ, ಪಕ್ಕದ ಮನೆಯವರು ಪಿತ್ತ ಅಂದರು. ಕೋವಿಡ್ ಕಾಲದ ಆಕ್ಸಿಮೀಟರ್ ಹುಡುಕಿ ಬೆರಳಿಗೆ ಸಿಕ್ಕಿಸಿದರೆ 98 ತೋರಿಸಿತು. ಡಾಕ್ಟರ್ ಮಾತ್ರ ಮೊದಲು ಕೇಳಿದ್ದು, ‘ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?’

ಇತ್ತು. ನಾಲ್ಕಡಿ ಅಗಲದ ಬಚ್ಚಲೊಳಗೇ ಇತ್ತು. ಗಾಳಿ ಬರಲೆಂದು ಇದ್ದ ಗಾಜಿನ ಪಟ್ಟಿಗಳ ಕಿಟಕಿಗೆ, ಡಕ್ಟ್‌ನಲ್ಲಿ ಗೂಡು ಕಟ್ಟುವ ಪಾರಿವಾಳಗಳ ಕಾಟ ತಾಳಲಾರದೆ, ನಾನೇ ಕೈಯಾರೆ ಥರ್ಮಾಕೋಲ್ ಇಟ್ಟು ಟೇಪ್ ಅಂಟಿಸಿದ್ದೆ.

ಗಾಳಿ ಸಾಲದಿದ್ದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಆ 98 ಬಂದದ್ದು ಹಾಗೆ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ನಾತ ಬೇಕಂತಲೇ ಬೆರೆಸಿದ ಮರ್ಕ್ಯಾಪ್ಟನ್ ಅನ್ನುವ ರಾಸಾಯನಿಕದ್ದು. ಉರಿದ ಮೇಲೆ ಅದೂ ಇರುವುದಿಲ್ಲ. ‘ವಾಸನೆ ಬಂದ್ರೆ ಗೊತ್ತಾಗುತ್ತೆ ಅಲ್ವಾ’ ಅನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಮೀಟಿಂಗ್‌ನಲ್ಲಿ ಈ ವಿಷಯ ಎತ್ತಿದೆ. ಕಾರಿಡಾರ್‌ನಲ್ಲಿ ಸ್ಮೋಕ್ ಡಿಟೆಕ್ಟರ್ ಇದೆಯಲ್ಲ, ಇನ್ನೇನು ಬೇಕು ಅಂದರು. ಅದು ಹೊಗೆಗೆ ಮಾತ್ರ ಕೂಗುತ್ತದೆ ಸ್ವಾಮಿ. ಹೊಗೆ ಮೇಲೇರುತ್ತದೆ ಅಂತ ಅದನ್ನು ಚಾವಣಿಗೆ ಹಾಕುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಸೋರಿಕೆಯ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಗಾಳಿಯಲ್ಲಿ ಎಲ್ಲ ಕಡೆ ಬೆರೆತುಹೋಗುತ್ತದೆ, ಅದಕ್ಕೆ ಬೇರೆಯೇ ಅಲಾರಂ ಬೇಕು. ಮಲಗುವ ಕೋಣೆಯ ಹತ್ತಿರ, ಉಸಿರಾಡುವ ಎತ್ತರದಲ್ಲಿ ಹಾಕಿದರೆ ಆಯಿತು. ಕೊಳ್ಳುವಾಗ ಇಂಥ ಅಲಾರಂಗಳ ಗುಣಮಟ್ಟದ ಗುರುತಾದ ಇಎನ್ 50291 ಅಥವಾ ಯುಎಲ್ 2034 ಅಂತ ಬರೆದಿದೆಯಾ ನೋಡಿ. ಸೆನ್ಸರ್‌ಗೂ ಆಯಸ್ಸಿದೆ, ಹಿಂದೆ ಅಚ್ಚಾದ ತಾರೀಖು ದಾಟಿದರೆ ಅದು ಸುಮ್ನೆ ಗೋಡೆಗೆ ಅಲಂಕಾರ. ಆದರೆ ಅಲಾರಂ ಇದೆ ಅಂತ ಬಚ್ಚಲೊಳಗೆ ಗೀಸರ್ ಇಟ್ಟುಕೊಳ್ಳಬೇಡಿ. ಸದ್ಯಕ್ಕೆ ಹೊರಗೆ ಹಾಕಿಸಲು ಆಗದಿದ್ದರೆ ಕಿಟಕಿ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಬಿಟ್ಟು ಸ್ನಾನಕ್ಕೆ ಹೋಗಿ.

ಇಷ್ಟೆಲ್ಲ ಗೊತ್ತಿದ್ದೂ ಹೋದ ಶನಿವಾರ ಮತ್ತೆ ಎಡವುತ್ತಿದ್ದೆ. ಲೋಣಾವಳ ಹತ್ತಿರದ ಪವನಾ ಕೆರೆ ದಂಡೆಯಲ್ಲಿ ಟೆಂಟ್ ಹಾಕಿಸಿಕೊಂಡು ಇದ್ದೆವು. ಊಟ ಆದ ಮೇಲೆ ಅಲ್ಲಿಯ ಹುಡುಗ ಬಾರ್ಬೆಕ್ಯೂ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತಂದು, ‘ಅಂಕಲ್, ಒಳಗೆ ಇಟ್ಕೊಳ್ಳಿ, ಬೆಚ್ಚಗಿರುತ್ತೆ’ ಅಂದ. ಪಾಪ, ಒಳ್ಳೆ ಮನಸ್ಸಿನಿಂದಲೇ ತಂದಿದ್ದ. ಕೆಂಡಕ್ಕೆ ಮೇಲೆ ಬೂದಿ ಕಟ್ಟಿತ್ತು, ಹೊಗೆ ಒಂದಿಷ್ಟೂ ಇರಲಿಲ್ಲ. ನಾನು ಕೈ ಚಾಚಿಯೂ ಆಗಿತ್ತು. ತಡೆದದ್ದು ಹೆಂಡತಿ. ಹೊಗೆ ನಿಂತ ಇದ್ದಿಲೂ ಇದೇ ವಿಷ ಬಿಡುತ್ತಲೇ ಇರುತ್ತದೆ, ಜಿಪ್ ಎಳೆದ ಟೆಂಟ್ ನಮ್ಮ ಬಚ್ಚಲಿಗಿಂತ ಚಿಕ್ಕದು.

ಇದನ್ನು ಕೇಳಿ ನಮ್ಮ ಅತ್ತೆ, ‘ಊರಲ್ಲಿ ಬಾಣಂತಿ ಕೋಣೆಗೆ ಕೆಂಡ ಇಡ್ತಿರಲಿಲ್ವಾ, ಏನಾಯ್ತು?’ ಅಂದರು. ಹೆಂಚಿನ ಮನೆ, ಸಂದಿ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಅಲ್ಲೂ ಎಷ್ಟು ಬಾಣಂತಿಯರಿಗೆ ತಲೆ ಸುತ್ತಿತ್ತೋ, ಲೆಕ್ಕ ಇಟ್ಟವರು ಯಾರು?

ಟೆಂಟ್ ಬಾಡಿಗೆ ಕೊಡುವವರು ಕೆಂಡ ಒಳಗೆ ಒಯ್ಯಬಾರದು ಅಂತ ಮರಾಠಿ, ಹಿಂದಿ, ಕನ್ನಡದಲ್ಲಿ ಒಂದು ಬೋರ್ಡ್ ಹಾಕಲಿ, ಕಾಸೇನು ಹೋಗುವುದಿಲ್ಲ. ಜನವರಿ, ಜುಲೈನಲ್ಲಿ ಫೈರ್ ಸರ್ಟಿಫಿಕೇಟ್‌ಗೆ ಓಡಾಡುವ ಸೊಸೈಟಿಗಳು ಅದೇ ವಾರ ಮನೆಮನೆಯ ಗೀಸರ್ ಎಲ್ಲಿದೆ ಅಂತಲೂ ಕೇಳಲಿ.

ನಮ್ಮ ಗೀಸರ್ ಈಗ ಬಾಲ್ಕನಿಯಲ್ಲಿದೆ. ಥರ್ಮಾಕೋಲ್ ಕಿತ್ತು ಹಾಕಿದೆ. ಪಾರಿವಾಳಗಳು ವಾಪಸ್ ಬಂದಿವೆ, ಭಾನುವಾರ ಹಿಕ್ಕೆ ತೊಳೆಯುವ ಕೆಲಸ ನನ್ನದು.

ಇಂತಿ,
ಒಬ್ಬ ಓದುಗ
ಡೊಂಬಿವಲಿ ಪೂರ್ವ