ಮಗಳಿಗೊಂದು ಪತ್ರ: ಕಲ್ಲು ಉಜ್ಜೋಕೆ ಹೋಗು

ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಫೋನಲ್ಲಿ ಹೇಳಿದರೆ ಮಧ್ಯೆ ಮಧ್ಯೆ "ಹೂಂ ಅಮ್ಮ, ಗೊತ್ತು ಅಮ್ಮ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರ್ 9ರ ಸಂಜೆ ನಿಮ್ಮ ಬಿಲ್ಡಿಂಗಿನವರೆಲ್ಲ ಸೇರಿ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಬಾಗಿಲ ಮುಂದೆ ಹಾಕಿರುವ ಹಿತ್ತಾಳೆ ಕಲ್ಲುಗಳನ್ನು ಉಜ್ಜಿ, ಮೇಣದಬತ್ತಿ ಹಚ್ಚಿ, ಹೆಸರು ಓದುತ್ತಾರಂತೆ. ನೀನೂ ಒಂದು ಹೆಸರು ಓದಮ್ಮ ಅಂತ ಮೇಲಿನ ಮನೆಯ ಅಜ್ಜಿ ಕೇಳಿದ್ದಾರೆ. ನಿನಗೆ ಮುಜುಗರ. "ನಾನು ಬೆಂಗಳೂರಿನವಳು. ಕೊಂದವರೂ ನಮ್ಮವರಲ್ಲ, ಸತ್ತವರೂ ನಮ್ಮವರಲ್ಲ. ಅಲ್ಲಿ ನಿಂತು ಮುಖ ಸಪ್ಪೆ ಮಾಡಿಕೊಂಡರೆ ನಾಟಕ ಆಗಲ್ವಾ?" ಅಂತ ಬರೆದಿದ್ದೀಯ.

ಹೋಗು. ನನ್ನ ಉತ್ತರ ಅಷ್ಟೇ. ಯಾಕೆ ಅಂತ ಹೇಳೋದು ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತು ಓದು.

ನಾನು ಬರ್ಲಿನ್ನಿಗೆ ಬಂದಾಗ ನಿಮ್ಮ ಬಾಗಿಲ ಮುಂದಿನ ಆ ಮೂರು ಕಲ್ಲು ನೋಡಿ, ನೀರಿನ ಪೈಪಿನ ಮುಚ್ಚಳ ಇರಬೇಕು ಅಂದುಕೊಂಡಿದ್ದೆ. ಅಂಗೈಯಷ್ಟೇ ಇವೆ, ಹತ್ತು ಸೆಂಟಿಮೀಟರ್ ಚೌಕ, ಮೇಲೆ ಹಿತ್ತಾಳೆ ತಗಡು. ಬಗ್ಗಿ ನೋಡಿದರೆ ಅಕ್ಷರ. ನೀನು ಓದಿ ಹೇಳಿದೆ. 'ಇಲ್ಲಿ ವಾಸವಿದ್ದರು' ಅಂತ ಶುರು, ಆಮೇಲೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ತಾರೀಖು, ಕೊಂದ ಜಾಗ. ಅಪ್ಪ, ಅಮ್ಮ, ಮಗಳು. ಮಗಳು ಹುಟ್ಟಿದ್ದು 1931ರಲ್ಲಿ. ಮೂವರದೂ 1943, ಮೂವರದೂ ಆಶ್ವಿಟ್ಸ್, ನಾಜಿಗಳ ಸಾವಿನ ಕ್ಯಾಂಪು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ 'ಅರವತ್ತು ಲಕ್ಷ ಯಹೂದಿಗಳು' ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ, ಮಕ್ಕಳು ನೋಟ್ಸಿಗೆ ಇಳಿಸಿಕೊಂಡು ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆಯುತ್ತಿದ್ದರು. ಹನ್ನೊಂದೋ ಹನ್ನೆರಡೋ ವರ್ಷದ ಒಬ್ಬ ಹುಡುಗಿ ಈ ಬಾಗಿಲಿಂದ ಆಚೆ ಹೋದಳು, ವಾಪಸ್ ಬರಲಿಲ್ಲ ಅನ್ನೋದನ್ನು ಎರಡು ಮಾರ್ಕಿಗೆ ಬರೆಯೋಕೆ ಆಗಲ್ಲ.

ಈ ಕಲ್ಲುಗಳನ್ನು ಶುರು ಮಾಡಿದವರು ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ. 1940ರಲ್ಲಿ ಕಲೋನ್ ಊರಿಂದ ಸಾವಿರ ಜನ ರೋಮಾ ಮತ್ತು ಸಿಂಟಿಗಳನ್ನು, ಅಂದರೆ ಜನ ಜಿಪ್ಸಿಗಳು ಅಂತ ಕರೆಯುತ್ತಿದ್ದವರನ್ನು, ಸಾಗಿಸಿದ್ದರು. ಅವರನ್ನು ನಡೆಸಿಕೊಂಡು ಹೋದ ದಾರಿಯುದ್ದಕ್ಕೂ 1990ರಲ್ಲಿ ಈತ ಬೀದಿಯಲ್ಲಿ ಬಣ್ಣದ ಗೆರೆ ಬರೆದರು. ಅಲ್ಲೇ ಒಮ್ಮೆ ಒಬ್ಬ ವಯಸ್ಸಾದ ಹೆಂಗಸು ಬಂದು, ನಮ್ಮ ಬೀದಿಯಲ್ಲಿ ಜಿಪ್ಸಿಗಳು ಇರಲೇ ಇಲ್ಲವಲ್ಲ ಅಂದರಂತೆ. ಸುಳ್ಳು ಹೇಳಿದ್ದಲ್ಲ, ಆಕೆಗೆ ನಿಜವಾಗಲೂ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಇದ್ದರು ಅನ್ನೋದೇ ಅಳಿಸಿ ಹೋಗಿತ್ತು. ಡೆಮ್ನಿಗ್ ಈ ಕತೆಯನ್ನು ಹೋದ ಕಡೆಯೆಲ್ಲ ಹೇಳುತ್ತಾರೆ. 1992ರಲ್ಲಿ ಕಲೋನ್‌ನಲ್ಲಿ ಮೊದಲ ಕಲ್ಲು ಹಾಕಿದರು, 1996ರಲ್ಲಿ ನಿಮ್ಮ ಕ್ರಾಯ್ಟ್ಸ್‌ಬರ್ಗಿನಲ್ಲಿ ಅನುಮತಿಯನ್ನೂ ಕೇಳದೆ ಐವತ್ತರಷ್ಟು ಹಾಕಿದರು. 2023ಕ್ಕೆ ಒಂದು ಲಕ್ಷ ದಾಟಿತು. ಇವತ್ತಿಗೂ ಅಕ್ಷರಗಳನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ಹೊಡೆದೇ ಮಾಡುತ್ತಾರೆ, ಮಿಷನ್ನಿಗೆ ಕೊಡಲ್ಲ. ಕೊಂದಿದ್ದು ಫ್ಯಾಕ್ಟರಿ ಥರ, ನೆನೆಯೋದೂ ಫ್ಯಾಕ್ಟರಿ ಥರ ಆಗಬಾರದು ಅಂತ.

ನಮ್ಮ ಊರಬಾಗಿಲಲ್ಲಿ ವೀರಗಲ್ಲು ಇದೆಯಲ್ಲ, ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತವನದ್ದು. ಹೋರಾಡಿ ಸತ್ತವರಿಗೆ ಕಲ್ಲು ನಿಲ್ಲಿಸೋದು ಎಲ್ಲ ಕಡೆಯೂ ಇದೆ. ಯಾರ ಜೊತೆಗೂ ಹೋರಾಡದೆ, ಬೆಳಗ್ಗೆ ಎದ್ದು ಬ್ರೆಡ್ ತರೋಕೆ ಹೋಗುತ್ತಿದ್ದವರಿಗೆ ಒಂದೊಂದು ಕಲ್ಲು ಅನ್ನೋದು ನನಗೆ ಹೊಸದು. ಅದಕ್ಕೇ ಇದು ನನಗೆ ಜಾಸ್ತಿ ಹಿಡಿಸಿತು.

ಆದರೂ ಮೊದಲ ದಿನ ನನಗೆ ಸರಿ ಅನ್ನಿಸಲಿಲ್ಲ, ನಿನಗೆ ನೆನಪಿರಬೇಕು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ಸತ್ತವರ ಹೆಸರನ್ನು ಫುಟ್‌ಪಾತಿಗೆ ಹಾಕಿ ಮೇಲೆ ಓಡಾಡೋದಾ? ಚಪ್ಪಲಿ ಕಾಲಲ್ಲಿ? ನಾಯಿ ಬೇರೆ. ಮ್ಯೂನಿಕ್‌ನಲ್ಲಿ ಇದೇ ಮಾತಿಗೆ ವರ್ಷಗಟ್ಟಲೆ ಜಗಳ ಆಗಿದೆ. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ ಕ್ನೊಬ್ಲೊಕ್, ಆಗಲೇ ತುಳಿಸಿಕೊಂಡವರನ್ನು ಮತ್ತೆ ತುಳಿಯಬೇಡಿ ಅಂತ ಪಟ್ಟು ಹಿಡಿದರು. ಅವರು ಸುಮ್ನೆ ಮಾತಾಡುವವರಲ್ಲ. ಹುಡುಗಿಯಾಗಿದ್ದಾಗ ಒಬ್ಬ ಕ್ರಿಶ್ಚಿಯನ್ ಹೆಂಗಸು ಅವರನ್ನು ತನ್ನದೇ ಮಗು ಅಂತ ಹೇಳಿ, ಊರವರ ಕೊಂಕುಮಾತು ಕೇಳಿಸಿಕೊಂಡು, ಹಳ್ಳಿಯ ಹೊಲದ ಮನೆಯಲ್ಲಿ ಬಚ್ಚಿಟ್ಟು ಉಳಿಸಿದ್ದು. ಮ್ಯೂನಿಕ್ ನಗರಸಭೆ 2004ರಲ್ಲೂ ಬೇಡ ಅಂತು, 2015ರಲ್ಲೂ ಬೇಡ ಅಂತು. ಈಗ ಅಲ್ಲಿ ಮನೆಯ ಗೋಡೆಗೋ ಬಾಗಿಲ ಮುಂದಿನ ಕಂಬಕ್ಕೋ ಕಣ್ಣೆತ್ತರದಲ್ಲಿ ಫಲಕ ಹಾಕುತ್ತಾರೆ. ಡೆಮ್ನಿಗ್ ಕಡೆಯವರು ಹೇಳೋದು ಬೇರೆ. ಓದಬೇಕು ಅಂದರೆ ತಲೆ ಬಗ್ಗಿಸಲೇಬೇಕಲ್ಲ ಅಂತ. ಇಬ್ಬರಲ್ಲಿ ಯಾರು ಸರಿ ಅಂತ ನನ್ನನ್ನು ಕೇಳಿದರೆ, ಸತ್ತವರ ಮನೆಯವರು ಹೇಳಿದ್ದು ಸರಿ. ನಿಮ್ಮ ಬಿಲ್ಡಿಂಗಿನ ಕಲ್ಲುಗಳನ್ನು ಇಸ್ರೇಲಿನಲ್ಲಿರುವ ಅವರ ಸಂಬಂಧಿಕರೇ ಕೇಳಿ ಹಾಕಿಸಿದ್ದು ಅಂತ ನೀನೇ ಹೇಳಿದ್ದೆಯಲ್ಲ. ಮುಗೀತು.

ಈಗ ನಿನ್ನ ಪ್ರಶ್ನೆಗೆ ಬರೋಣ. ನಿನಗೇನು ಸಂಬಂಧ?

ಒಂದು ಸಂಬಂಧ ಬೆಂಗಳೂರಲ್ಲೇ ಇದೆ. ಟಾಟಾ ಇನ್‌ಸ್ಟಿಟ್ಯೂಟಿನ, ಅದೇ ಐಐಎಸ್‌ಸಿಯ, ಓಪನ್ ಡೇಗೆ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದೆವಲ್ಲ, ಅಲ್ಲಿನ ಏರೋನಾಟಿಕಲ್ ವಿಭಾಗದ ಹಳೇ ಕಟ್ಟಡ ನಕ್ಷೆ ಮಾಡಿದವರು ಓಟ್ಟೊ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅದಕ್ಕೂ ಮುಂಚೆ, 1935ರಲ್ಲಿ, ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಅದೇ ಕ್ಯಾಂಪಸ್ಸಿಗೆ ಕರೆಸಿದ್ದರು. ಇಲ್ಲೇ ಕಾಯಂ ಕೆಲಸ ಕೊಡಿಸಬೇಕು ಅಂತ ರಾಮನ್ ಆಸೆ. ಮೀಟಿಂಗಿನಲ್ಲಿ ಇಂಗ್ಲೆಂಡಿನ ಒಬ್ಬ ಪ್ರೊಫೆಸರ್ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯವನು ನಮಗೆ ಸಾಲದು ಅನ್ನೋ ಅರ್ಥದಲ್ಲಿ ಮಾತಾಡಿದನಂತೆ. ಬಾರ್ನ್ ಅದನ್ನು ಮುಂದೆ ಬರೆದುಕೊಂಡಿದ್ದಾರೆ. ಆರು ತಿಂಗಳಿಗೆ ಹೊರಟುಹೋದರು, 1954ರಲ್ಲಿ ನೊಬೆಲ್ ಬಂತು. ಮಲ್ಲೇಶ್ವರದ ಪಕ್ಕದಲ್ಲೇ ಇಷ್ಟೆಲ್ಲ ನಡೆದಿದೆ, ನಮಗೆ ಪತ್ತೆಯೇ ಇಲ್ಲ.

ಆದರೆ ನಾನು ಹೋಗು ಅನ್ನುತ್ತಿರೋದು ಅದಕ್ಕಲ್ಲ. ಕಾರಣ ಸರಳ. ಆ ಮನೆಯಲ್ಲಿ ಈಗ ಇರೋದು ನೀನು. ನಿನ್ನ ಪತ್ರ ಬರೋ ವಿಳಾಸವೂ ಆ ಹುಡುಗಿಯ ವಿಳಾಸವೂ ಒಂದೇ, ಬೀದಿ ಅದೇ, ಮನೆ ನಂಬರ್ ಅದೇ. ರಕ್ತ ಸಂಬಂಧ ಬೇಡ, ದೇಶ ಬೇಡ, ಬಾಡಿಗೆ ಕಟ್ಟುತ್ತೀಯಲ್ಲ, ಸಾಕು.

ಯಾಕೆಂದರೆ ಈ ನರಮೇಧ ನಡೆದಿದ್ದು ದೂರದ ಕ್ಯಾಂಪುಗಳಲ್ಲಿ ಮಾತ್ರ ಅಲ್ಲ, ಮೆಟ್ಟಿಲ ಮೇಲೂ ನಡೆಯಿತು. ಅಯ್ಯೋ, ನಾವು ಇದನ್ನು ಪಾಠದಲ್ಲಿ ಹೇಳೋದೇ ಇಲ್ಲ. ಸಾಗಿಸುವ ಮುಂಚೆ ಒಂದು ಫಾರಂ ತುಂಬಿಸುತ್ತಿದ್ದರು, 16 ಪುಟದ್ದು, ಮನೆಯಲ್ಲಿರೋ ಎಲ್ಲದರ ಪಟ್ಟಿ. ಕುರ್ಚಿ ಎಷ್ಟು, ಪರದೆ ಎಷ್ಟು, ದೀಪ ಎಷ್ಟು, ಬಟ್ಟೆಬರೆ ಎಷ್ಟು. ಕೆಳಗೆ ಸಹಿ. ತುಂಬ ಜನರ ಕೈಬರಹದಲ್ಲಿ ಕೊನೆಗೆ ಉಳಿದಿರೋದು ಅದೊಂದೇ. ಜನ ಹೋದ ಮೇಲೆ ಸರ್ಕಾರ ಆ ಸಾಮಾನನ್ನು ಹರಾಜು ಹಾಕುತ್ತಿತ್ತು, ಊರಿನವರೇ ಬಂದು ಟೇಬಲ್ಲು, ಹಾಸಿಗೆ, ಪಾತ್ರೆ ಕೊಂಡುಕೊಂಡು ಹೋದರು. ರೈಲ್ವೆ ಇಲಾಖೆ ಮೂರನೇ ದರ್ಜೆ ಪ್ರಯಾಣದ ಲೆಕ್ಕದಲ್ಲಿ, ಕಿಲೋಮೀಟರಿಗೆ ಇಷ್ಟು ಅಂತ, ಕ್ಯಾಂಪುಗಳನ್ನು ನಡೆಸುತ್ತಿದ್ದ ನಾಜಿ ಪಡೆಯಾದ ಎಸ್‌ಎಸ್‌ಗೆ ಬಿಲ್ ಕಳಿಸುತ್ತಿತ್ತು. ಹೋಗೋದಕ್ಕೆ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಚಾರ್ಜು. ನಿಮ್ಮ ಬಾಗಿಲಿನ ಹುಡುಗಿಗೆ ಹತ್ತು ದಾಟಿತ್ತಲ್ಲ, ದೊಡ್ಡವರ ಲೆಕ್ಕ.

ಯಹೂದಿಗಳನ್ನು ರೈಲು ಹತ್ತಿಸುತ್ತಿದ್ದ ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರಂಗೆ ನಾವು ಹೋಗಿದ್ದೆವಲ್ಲ, ಅಂಚಿನುದ್ದಕ್ಕೂ 186 ಉಕ್ಕಿನ ಹಲಗೆ, ಒಂದೊಂದರ ಮೇಲೂ ತಾರೀಖು, ಎಷ್ಟು ಜನ, ಎಲ್ಲಿಗೆ. ಅಪ್ಪ ಅಲ್ಲಿ ಒಂದೂ ಮಾತಾಡಲಿಲ್ಲ. ನಾನು ಮಾತ್ರ ತಾರೀಖು ಓದುತ್ತಾ ಹೋದೆ. ಜರ್ಮನಿ ಯುದ್ಧ ಸೋಲ್ತಾ ಇದೆ ಅಂತ ಎಲ್ಲರಿಗೂ ಗೊತ್ತಾಗಿದ್ದ 1945ರ ಮಾರ್ಚಿನಲ್ಲೂ ರೈಲು ಹೊರಟಿದೆ. 

ಇನ್ನೊಂದು ನನ್ನ ತಲೆಯಿಂದ ಹೋಗೇ ಇಲ್ಲ. ಶೋನೆಬರ್ಗ್ ಕಡೆ, ಐನ್‌ಸ್ಟೈನ್ ಇದ್ದ ಬಡಾವಣೆಯಲ್ಲಿ, ದೀಪದ ಕಂಬಗಳ ಮೇಲೆ 80 ಬೋರ್ಡು ಇವೆಯಲ್ಲ. ಒಂದು ಕಡೆ ಮಕ್ಕಳ ಪುಸ್ತಕದ ಥರ ಚಿತ್ರ. ಬ್ರೆಡ್ಡು, ಬೆಕ್ಕು, ಬೆಂಚು. ಇನ್ನೊಂದು ಕಡೆ ಆಗಿನ ಕಾನೂನು, ತಾರೀಖಿನ ಸಮೇತ. ಬ್ರೆಡ್ಡಿನ ಹಿಂದೆ, ಯಹೂದಿಗಳು ಮಧ್ಯಾಹ್ನ 4ರಿಂದ 5ರವರೆಗೆ ಮಾತ್ರ ದಿನಸಿ ಕೊಳ್ಳಬಹುದು, 1940. ಬೆಕ್ಕಿನ ಹಿಂದೆ, ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, 1942. ಬೆಕ್ಕು! ಒಂದು ಸರ್ಕಾರ ಕೂತು, ಟೈಪ್ ಮಾಡಿಸಿ, ಸೀಲು ಹಾಕಿ, ಒಬ್ಬ ಮುದುಕಿಯ ಬೆಕ್ಕು ಕಿತ್ತುಕೊಂಡಿದೆ. 1993ರಲ್ಲಿ ಈ ಬೋರ್ಡು ಹಾಕುವಾಗ ಅಲ್ಲಿನ ಜನ ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಿದರಂತೆ, ಯಾರೋ ಹೊಸ ನಾಜಿಗಳು ಹಾಕುತ್ತಿದ್ದಾರೆ ಅಂತ. ನನ್ನ ಪ್ರಕಾರ ಸ್ಮಾರಕ ಅಂದರೆ ಹಾಗಿರಬೇಕು. ಬ್ರಾಂಡನ್‌ಬರ್ಗ್ ಗೇಟಿನ ಹತ್ತಿರದ 2,711 ಕಾಂಕ್ರೀಟ್ ದಿಮ್ಮಿಗಳು ನನಗೆ ಅಷ್ಟು ತಟ್ಟಲಿಲ್ಲ, ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ. ಆದರೆ ಕೆಳಗಿನ ಕೋಣೆಯಲ್ಲಿ ಒಂದೊಂದೇ ಹೆಸರು ಓದಿ ಕೇಳಿಸುತ್ತಾರಲ್ಲ, ಎಲ್ಲರದೂ ಓದಿ ಮುಗಿಸೋಕೆ ಆರೂವರೆ ವರ್ಷಕ್ಕೂ ಜಾಸ್ತಿ ಬೇಕು ಅನ್ನೋದು, ಅಲ್ಲಿ ಕಾಲು ಸೋತು ಕೂತುಬಿಟ್ಟೆ.

ಜರ್ಮನಿಯವರು ಎಲ್ಲವನ್ನೂ ಹೀಗೆ ನೆನೆದಿದ್ದಾರೆ ಅಂತ ಮಾತ್ರ ತಿಳಿಯಬೇಡ. ಸಿಂಟಿ, ರೋಮಾಗಳನ್ನು ಕೊಂದಿದ್ದೂ ನರಮೇಧವೇ ಅಂತ ಅಲ್ಲಿನ ಸರ್ಕಾರ ಒಪ್ಪಿಕೊಳ್ಳೋಕೆ 1982 ಆಗಬೇಕಾಯಿತು, ಸ್ಮಾರಕ ಬಂದಿದ್ದು 2012ರಲ್ಲಿ. ಆಗ ಜರ್ಮನಿಯ ವಸಾಹತಾಗಿದ್ದ ಆಫ್ರಿಕಾದ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಹೆರೆರೊ, ನಾಮಾ ಜನರನ್ನು ಮರುಭೂಮಿಗೆ ಓಡಿಸಿ, ಕ್ಯಾಂಪಿಗೆ ಹಾಕಿ ಕೊಂದಿದ್ದನ್ನು ಆ ಹೆಸರಿಟ್ಟು ಒಪ್ಪಿಕೊಂಡಿದ್ದು 2021ರಲ್ಲಿ. ದುಡ್ಡು ಕೊಡುತ್ತೇವೆ, ಪರಿಹಾರ ಅನ್ನಬೇಡಿ ಅಂತ ಷರತ್ತು ಬೇರೆ. ನಿಮ್ಮ ನೊಯ್‌ಕೊಲ್ನ್ ಸ್ಮಶಾನದಲ್ಲಿ ಆ ಯುದ್ಧದಲ್ಲಿ ಸತ್ತ ಜರ್ಮನ್ ಸೈನಿಕರನ್ನು ಹೊಗಳುವ ದೊಡ್ಡ ಬಂಡೆ ಈಗಲೂ ಇದೆ, ಸತ್ತ ಆಫ್ರಿಕನ್ನರಿಗೆ 2009ರಲ್ಲಿ ಅದರ ಪಕ್ಕದಲ್ಲಿ ನೆಲಕ್ಕೆ ಒಂದು ಕಲ್ಲು ಹಾಸಿದ್ದಾರೆ. ನರಮೇಧ ಅನ್ನೋ ಮಾತು ಅದರ ಮೇಲಿಲ್ಲ. ಒಂದು ಭಾನುವಾರ ಅಲ್ಲಿಗೂ ಹೋಗಿ ಬಾ.

ನಿನ್ನ ಕಾಲೇಜಿನ ಗೆಳೆಯರ ಮಾತೂ ಬರೆದಿದ್ದೀಯ, ಸತ್ತ ಯಹೂದಿಗಳಿಗೆ ಮೇಣದಬತ್ತಿ ಹಚ್ಚುವ ಈ ದೇಶ ಗಾಜಾದ ಮಕ್ಕಳ ಬಗ್ಗೆ ಯಾಕೆ ಬಾಯಿ ಬಿಡಲ್ಲ ಅಂತ. ಕೇಳಬೇಕಾದ ಪ್ರಶ್ನೆಯೇ. ಚಾನ್ಸಲರಿಗೆ ಕೇಳಿ, ಪಾರ್ಲಿಮೆಂಟಿನ ಮುಂದೆ ನಿಂತು ಕೇಳಿ, ನೀನೂ ಬೇಕಾದರೆ ಜೊತೆಗೆ ಹೋಗು. 1931ರಲ್ಲಿ ಹುಟ್ಟಿದ ಹುಡುಗಿಯ ಕಲ್ಲಿನ ಮುಂದೆ ನಿಂತು ಆ ಲೆಕ್ಕ ಕೇಳಬೇಡಿ. ಅವಳು ಯಾರಿಗೂ ಏನೂ ಮಾಡಿದವಳಲ್ಲ.

ನಾಟಕದ ಮಾತಿಗೆ ಬಂದರೆ, ಅಳು ಬರದಿದ್ದರೆ ಅಳಬೇಡ. ಮುಖ ಸಪ್ಪೆ ಮಾಡಿಕೋ ಅಂತ ಯಾರೂ ಹೇಳಿಲ್ಲ. ಉಜ್ಜೋದು ಒಂದು ಕೆಲಸ, ದೀಪಾವಳಿಗೆ ದೀಪದ ಕಂಬ ಬೆಳಗಿದ ಹಾಗೆ, ಕೈ ಕೊಳೆಯಾಗುತ್ತೆ, ಬೆನ್ನು ನೋಯುತ್ತೆ, ಆಮೇಲೆ ಹೊಳೆಯುತ್ತೆ. ಹುಣಸೆಹಣ್ಣು ಹುಡುಕಿಕೊಂಡು ಇಂಡಿಯನ್ ಅಂಗಡಿಗೆ ಹೋಗಬೇಡ, ಅವರು ಕೊಡೋ ಪಾಲಿಷ್ ಸಾಕು. ತಂತಿ ಬ್ರಷ್ ಮುಟ್ಟಬೇಡ, ಗೀರು ಬೀಳುತ್ತೆ. ಮಂಡಿಗೆ ಹಳೇ ಟವೆಲ್ ತೆಗೆದುಕೊಂಡು ಹೋಗು, ನವೆಂಬರಿನ ಕಲ್ಲು ಕೊರೆಯುತ್ತೆ.

ಹೆಸರನ್ನು ಮಾತ್ರ ಮೊದಲೇ ಕಲಿತುಕೋ. ಹಿಂದಿನ ದಿನ ಅಜ್ಜಿಯ ಹತ್ತಿರ ಹೋಗಿ ನಾಲ್ಕು ಸಲ ಹೇಳಿಸಿಕೋ. ಅಲ್ಲಿನವರು ನಿನ್ನ ಹೆಸರನ್ನು ಕೆಡಿಸಿ ಕರೆದಾಗ ಎಷ್ಟು ಉರಿಯುತ್ತೆ ಅಂತ ನನಗೆ ಫೋನಲ್ಲಿ ಹೇಳುತ್ತೀಯಲ್ಲ. ಆಮೇಲೆ, ಅಜ್ಜಿ ಕಾಫಿಗೆ ಕೂರಿಸಿಕೊಂಡರೆ ಇನ್ನೊಂದು ಕೇಳು, ಜಗಳದ ಥರ ಅಲ್ಲ, ಮೆತ್ತಗೆ. ಆ ಮೂವರು ಹೋದ ಮೇಲೆ ಆ ಮನೆಗೆ ಯಾರು ಬಂದರು ಅಂತ. ಅದು ಕಲ್ಲಿನ ಮೇಲೆ ಬರೆದಿಲ್ಲ. ಅವರಿಗೆ ಗೊತ್ತಿದ್ದರೆ ನನಗೂ ಬರೆದು ಕಳಿಸು.

ಇಂತಿ,
ಅಮ್ಮ