ಬಲವಂತ ಮಾಡದೆ ಬಡಿಸಿದವರಿಗೆ

ಹೋದ ವಾರ ನನ್ನ ರಕ್ತದ ರಿಪೋರ್ಟ್ ಬಂತು. ಎಚ್‌ಬಿಎ1ಸಿ 5.6. ಹೋದ ವರ್ಷ 6.3 ಇತ್ತು. ಇದು ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಟೆಸ್ಟು, ಹಿಂದಿನ ದಿನ ಉಪವಾಸ ಮಾಡಿ ಮೋಸ ಮಾಡೋಕೆ ಆಗಲ್ಲ. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಬರುವ ಮುಂಚಿನ ಹಂತ. 6.5 ಮುಟ್ಟಿದರೆ ಬಂತು ಅಂತಲೇ ಲೆಕ್ಕ. ಮಾತ್ರೆ ಇಲ್ಲದೆ ಇಳಿಯಿತಲ್ಲ ಅಂತ ಡಾಕ್ಟರ್ ಮೇಡಂ ಖುಷಿಪಟ್ಟರು.

ನನಗೆ ಹಠ ಜಾಸ್ತಿ, ಅದಕ್ಕೇ ಆಯಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ನನ್ನ ಹಠ ಎಷ್ಟು ಅಂತ ನನಗೆ ಗೊತ್ತು. ಸಂಜೆ ನಾಲ್ಕು ಗಂಟೆಗೆ ಬಿಸ್ಕತ್ತಿನ ಡಬ್ಬ ಕಂಡರೆ ಕರಗುವಷ್ಟು ಅದು. ಇದನ್ನು ಆಗುಮಾಡಿದ ಜನ ಬೇರೆ. ಹೆಸರು ಹಾಕಿದರೆ ಅವರಲ್ಲಿ ಕೆಲವರು ಬೈಯುತ್ತಾರೆ. ಹೆಸರಿಲ್ಲದೆಯೇ ಹೇಳುತ್ತೇನೆ, ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮದು ಪಾಂಡವಪುರದ ಕಡೆ ಹಳ್ಳಿ. ನಾಲೆ ನೀರು, ಭತ್ತ, ಕಬ್ಬು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿದ್ದು 1933ರಲ್ಲಿ. ಆವತ್ತಿಂದ ನಮ್ಮ ಜಿಲ್ಲೆಯ ಮದುವೆ, ಸಾಲ, ಮಕ್ಕಳ ಓದು ಎಲ್ಲವೂ ಕಬ್ಬಿನ ಮೇಲೆಯೇ ನಿಂತಿವೆ. ಬಾಡಿನ ವಿಷಯವಂತೂ ಹೇಳಲೇಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಆದಾಗ ಊಟಕ್ಕೆ ಬಾಡು ಹಾಕಿ ಅಂತ ಎಷ್ಟು ಗಲಾಟೆ ಆಯಿತು, ನೋಡಿದಿರಲ್ಲ. ನಾನೂ ಬಾಡೂಟದ ಪರವೇ ಇದ್ದೆ. ಈಗಲೂ ಇದ್ದೇನೆ.

ಇಂಥ ಕಡೆ ಪ್ರೀತಿ ತೋರಿಸುವ ದಾರಿ ಒಂದೇ, ಬಲವಂತ. ಬೇಡ ಅಂದವರ ಎಲೆಗೆ ಇನ್ನೊಂದು ಸೌಟು ಬೀಳುತ್ತದೆ. ಎಲೆಗೆ ಅಡ್ಡ ಕೈ ಇಟ್ಟರೆ ಕೈ ಮೇಲೆ ಬೀಳುತ್ತದೆ. ಸಿಹಿ ಬೇಡ ಅಂದರೆ ‘ನಮ್ ಮನೆ ಸಿಹಿ ನಿಮಗೆ ಸೇರಾಕಿಲ್ವಾ?’ ಅಂತ ಮುಖ ಸಣ್ಣದಾಗುತ್ತದೆ. ಆದ್ದರಿಂದ ನನ್ನ ಮೊದಲ ಧನ್ಯವಾದ, ನಾನು ಒಂದು ಸಲ ಬೇಡ ಅಂದಾಗ ಬೇಡ ಅಂತಲೇ ತಿಳಿದುಕೊಂಡ ಎಲ್ಲರಿಗೂ. ನಮ್ಮ ಕಡೆಯವರಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಾನು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಅಳೆಯುವ ಕೆಲಸ. ಹಾಲು ತಂದವರು, ಲಾರಿಯವರು, ಲೆಕ್ಕ ನೋಡೋಕೆ ಬಂದವರು, ಯಾರ ಜೊತೆಗಾದರೂ ಒಂದು ಟೀ. ದಿನಕ್ಕೆ ಐದು ಟೀ ಆಗುತ್ತಿತ್ತು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ತಾಲ್ಲೂಕು ಆಸ್ಪತ್ರೆಯ ಆಹಾರ ಸಲಹೆಗಾರರು ಇದನ್ನು ಕೇಳಿ ಪೆನ್ನು ತಗೊಂಡು ನನ್ನ ಎದುರೇ ಲೆಕ್ಕ ಹಾಕಿದರು. ಚಮಚಕ್ಕೆ ಸುಮಾರು 4 ಗ್ರಾಂ. ಟೀಯಿಂದಲೇ 40 ಗ್ರಾಂ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ, ಅಂದರೆ ಸುಮಾರು ಆರು ಚಮಚ. ‘ಬಿಸ್ಕತ್ತು, ಬನ್ನು, ಹಬ್ಬದ ಸಿಹಿ ಇನ್ನೂ ಬರೆದೇ ಇಲ್ಲ’ ಅಂದರು. ಹೆದರಿಸಲಿಲ್ಲ, ಬೈಯಲಿಲ್ಲ, ಸುಮ್ನೆ ಚೀಟಿ ನನ್ನ ಕೈಗೆ ಕೊಟ್ಟರು. ಆ ಚೀಟಿ ಇನ್ನೂ ಡೇರಿಯ ಲೆಕ್ಕದ ಪುಸ್ತಕದಲ್ಲಿದೆ. ಅವರಿಗೆ ದೊಡ್ಡ ನಮಸ್ಕಾರ.

ಅವರೇ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಉಪಯೋಗಕ್ಕೆ ಬಂತು. ಸಿಹಿ ತಿನ್ನಬೇಕು ಅನ್ನಿಸೋದು ಬರೀ ನಾಲಿಗೆ ಚಪಲ ಅಲ್ಲ. ನಿದ್ದೆ ಕಮ್ಮಿ ಆದರೆ ಆಸೆ ಜಾಸ್ತಿ ಆಗುತ್ತದೆ. ಬೆಳಗ್ಗೆ ಬರೀ ಟೀ, ಬನ್ನಿನಲ್ಲಿ ಹತ್ತು ಗಂಟೆವರೆಗೆ ತಳ್ಳಿದರೂ ಅಷ್ಟೆ. ನನಗೆ ಎರಡೂ ಇದ್ದವು. ನಿದ್ದೆಗೆ ಏನು ಮಾಡೋದು, ಹಸು ನಮ್ಮ ಮಾತು ಕೇಳಲ್ಲ. ಸೀರಿಯಲ್ ನೋಡೋದು ಬಿಟ್ಟು ಒಂಬತ್ತಕ್ಕೆ ಮಲಗೋದು ಶುರು ಮಾಡಿದೆ. ಬನ್ನಿನ ಜಾಗಕ್ಕೆ ಮೊಳಕೆ ಹುರುಳಿ ಕಾಳಿನ ಉಸಲಿ ಬಂತು. ಅದನ್ನು ಬೆಳಗಾಗುವ ಮುಂಚೆ ಬೇಯಿಸಿ ಡಬ್ಬಿಗೆ ಹಾಕಿ ಕೊಟ್ಟವರು ನಮ್ಮ ಯಜಮಾನರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಒಲೆ ಹಚ್ಚಿದ್ದು ಅದೇ ಮೊದಲು. ಉಪ್ಪು ಒಂದು ದಿನವೂ ಸರಿ ಇರುತ್ತಿರಲಿಲ್ಲ. ಥ್ಯಾಂಕ್ಸ್ ಕಣ್ರೀ.

ಡೇರಿ ಎದುರಿನ ಟೀ ಅಂಗಡಿ ಅಣ್ಣನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಕಡೆ ಟೀಗೆ ಸಕ್ಕರೆ ಕುದಿಯುವಾಗಲೇ ಬಿದ್ದಿರುತ್ತದೆ, ಆಮೇಲೆ ಕಮ್ಮಿ ಮಾಡೋಕೆ ಆಗಲ್ಲ. ಅಣ್ಣ ನನಗೋಸ್ಕರ ಒಂದು ಸಣ್ಣ ಪಾತ್ರೆ ಬೇರೆ ಇಟ್ಟರು. ಮೊದಲು ಒಂದೂವರೆ ಚಮಚ, ಆಮೇಲೆ ಒಂದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಒಂದಕ್ಕೆ ಬಂದು ಸುಮಾರು ದಿನ ಆದ ಮೇಲೆ ‘ಅಣ್ಣಾ, ಇನ್ನು ಅರ್ಧ ಮಾಡೋಣವಾ?’ ಅಂತ ಕೇಳಿದೆ. ಅಣ್ಣ ನಕ್ಕರು. ‘ಅರ್ಧ ಮಾಡಿ ಆಗ್ಲೆ ತಿಂಗ್ಳಾಯ್ತು ಕಣಕ್ಕಾ, ಈಗ ಬರೀ ಕಾಲು ಚಮಚ’ ಅಂದರು. ನನಗೆ ಗೊತ್ತೇ ಆಗಿರಲಿಲ್ಲ! ನಾಲಿಗೆ ಇಷ್ಟು ಬೇಗ ಒಗ್ಗಿಕೊಳ್ಳುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ಬರೀ ಹಾಲು ಕುಡಿದರೂ ಸಿಹಿ ಗೊತ್ತಾಗುತ್ತದೆ. ಹಾಲಲ್ಲಿ ಅದರದೇ ಸಕ್ಕರೆ ನೂರಕ್ಕೆ ನಾಲ್ಕೂವರೆ ಐದು ಗ್ರಾಂ ಇದೆ. ದಿನಾ ಹಾಲು ಪರೀಕ್ಷೆ ಮಾಡುವ ನನ್ನ ನಾಲಿಗೆಗೆ ಅದು ಸಿಕ್ಕಿದ್ದು ಈಗ.

ಬೆಲ್ಲದ್ದು ಬೇರೆಯೇ ರಾಮಾಯಣ. ಮೈದುನನದು ಆಲೆಮನೆ. ಒಂದು ಟನ್ ಕಬ್ಬು ಅರೆದರೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ. ಕೊಪ್ಪರಿಗೆಯಿಂದ ಪಾಕ ಇಳಿಸುವ ಹೊತ್ತಿಗೆ ಯಾರೇ ಹೋದರೂ ಬಿಸಿ ಬೆಲ್ಲ ಕೈಗೆ ಹಾಕದೆ ಕಳಿಸಲ್ಲ. ‘ಸಕ್ಕರೆ ಬಿಡಿ, ಬೆಲ್ಲ ಏನೂ ಮಾಡಲ್ಲ’ ಅಂತ ನೂರು ಜನ ಹೇಳಿದರು. ನನಗೂ ಅದು ನಿಜ ಆಗಲಿ ಅಂತ ಆಸೆ ಇತ್ತು. ಆದರೆ ಬೆಲ್ಲದಲ್ಲೂ ಬಹುಪಾಲು ಇರೋದು ಅದೇ ಸಕ್ಕರೆ. ಸ್ವಲ್ಪ ಕಬ್ಬಿಣ, ಖನಿಜ ಜಾಸ್ತಿ ಇರಬಹುದು, ಆದರೆ ರಕ್ತದ ಶುಗರ್ ಏರಿಸೋದರಲ್ಲಿ ಅಂಥ ವ್ಯತ್ಯಾಸ ಇಲ್ಲ. ಇದನ್ನು ಬೆಲ್ಲ ಮಾರಿ ಬದುಕುವ ಮೈದುನನಿಗೆ ಹೇಗೆ ಹೇಳೋದು ಅಂತ ನಾನು ಒದ್ದಾಡುತ್ತಿದ್ದೆ. ಅವನೇ ಒಂದು ದಿನ ಆಳುಗಳಿಗೆ ಕೂಗಿ ಹೇಳಿದ: ‘ಅತ್ತಿಗೆಗೆ ಬೆಲ್ಲ ಕೊಡ್ಬೇಡ್ರೋ, ಕಬ್ಬಿನ ಸೋಗೆ ಕಟ್ಟಿಕೊಡ್ರಿ, ಹಸೀಗೆ ಆಯ್ತದೆ.’ ಎಲ್ಲರೂ ನಕ್ಕರು, ವಿಷಯ ಅಲ್ಲಿಗೆ ಮುಗಿಯಿತು. ಬೆಳೆದವರೇ ತಿನ್ನದಿದ್ದರೆ ಹೇಗೆ ಅಂತ ಕೇಳುವವರು ಈಗಲೂ ಇದ್ದಾರೆ. ನನ್ನ ಒಂದು ಚಮಚಕ್ಕೆ ಮಂಡ್ಯದ ಬೆಲ್ಲದ ರೇಟು ಬೀಳಲ್ಲ ಬಿಡಿ.

ಈಗ ನಮ್ಮ ಅತ್ತೆ. ಇವರಿಗೆ ಎಷ್ಟು ಹೇಳಿದರೂ ಸಾಲದು.

ಶುಗರ್ ಜೊತೆ ನನಗೆ ಕೆಟ್ಟ ಕೊಲೆಸ್ಟ್ರಾಲೂ ಜಾಸ್ತಿ ಇತ್ತು. ಬಾಡು ತಿಂದರೆ ಶುಗರ್ ಏರುತ್ತದೆ ಅಂತ ಯಾರೂ ಹೇಳಲಿಲ್ಲ, ಆ ಮಾತು ಸರಿಯೂ ಅಲ್ಲ. ಕೊಬ್ಬಿರುವ ಮಟನ್ನು, ಬೋಟಿ, ತಲೆ ಮಾಂಸ ಇವನ್ನು ಕಮ್ಮಿ ಮಾಡಿ ಅಂದದ್ದು ಕೊಲೆಸ್ಟ್ರಾಲ್‌ಗೆ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಮೂರು ದಿನ ಬಾಡು ಇರುತ್ತಿತ್ತು. ಅತ್ತೆ ಮೊದಲು ಕೇಳಿದ್ದು, ‘ಬಾಡು ಬುಟ್ರೆ ಮೈನಾಗೆ ಏನ್ ನಿಂತದೆ?’ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ತಾವೇ ಕೂತು ಹೇಳಿದರು: ‘ನಾವ್ ಸಣ್ಣೋರಿದ್ದಾಗ ಬಾಡು ಅಂದ್ರೆ ಹಬ್ಬಕ್ಕೆ, ನೆಂಟ್ರು ಬಂದ್ರೆ ಅಷ್ಟೆ ಕಣವ್ವ. ಮಿಕ್ಕಿದ್ ದಿನ ಎಲ್ಲಾ ಸೊಪ್ಪು, ಕಾಳು.’ ಆಮೇಲೆ ಹಳೇ ಅಡುಗೆಗಳೆಲ್ಲ ಒಂದೊಂದಾಗಿ ಹೊರಗೆ ಬಂದವು.

ಅಣ್ಣೆ ಸೊಪ್ಪು, ಕೀರೆ, ದಂಟು ಸೇರಿಸಿದ ಮಸ್ಸೊಪ್ಪು. ಹುರುಳಿ ಕಾಳಿನ ಬಸ್ಸಾರು. ನುಗ್ಗೆ ಸೊಪ್ಪಿನ ಉಪ್ಸಾರು, ಜೊತೆಗೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದ ಮೇಲಂತೂ ಇದುಕಿದ ಬೇಳೆ ಸಾರಿಗೆ ಬಾಡಿನ ಮಸಾಲೆಯನ್ನೇ ಹಾಕಿದರು. ಚಕ್ಕೆ, ಲವಂಗ, ಧನಿಯ, ಕಾಯಿ, ಗಸಗಸೆ, ಎಲ್ಲ. ಊರಿಂದ ಬಂದ ಮಗ ಎರಡು ಸಲ ಹಾಕಿಸಿಕೊಂಡು ‘ಅಜ್ಜಿ, ಪೀಸ್ ಎಲ್ಲಿ?’ ಅಂತ ತಟ್ಟೆ ತಡಕಿದ. ಹುರುಳಿ ಕಾಳಲ್ಲಿ ನೂರು ಗ್ರಾಮಿಗೆ 20 ಗ್ರಾಂಗೂ ಮೇಲೆ ಪ್ರೋಟೀನ್ ಇದೆ ಅಂತ ನಾನು ಹೇಳಿದರೆ ಅತ್ತೆ ‘ಅದಕ್ಕೇ ಅಲ್ವಾ ಎತ್ತಿಗೆ ಹಾಕ್ತಿದ್ದಿದ್ದು’ ಅಂದರು.

ಮುದ್ದೆ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳ ಆಯಿತು. ರಾಗಿ ಒಳ್ಳೆಯದೇ, ಸುಣ್ಣದ ಅಂಶ ಇದೆ, ನಾರು ಇದೆ. ಆದರೂ ಹಿಟ್ಟು ಹಿಟ್ಟೇ, ಜಾಸ್ತಿ ಉಂಡರೆ ಶುಗರ್ ಏರುತ್ತದೆ. ಮೊದಲು ಸೊಪ್ಪು, ಕಾಳು ತಿಂದು, ಆಮೇಲೆ ಮುದ್ದೆ ಮುರಿದರೆ ಊಟ ಆದ ಮೇಲಿನ ಏರಿಕೆ ಕಮ್ಮಿ ಇರುತ್ತದೆ ಅಂತ ಸಲಹೆ ಕೊಟ್ಟಿದ್ದರು. ರಾಗಿ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಅತ್ತೆ ಸಹಿಸಲ್ಲ. ಆದರೆ ಮಾರನೇ ದಿನದಿಂದ ನನ್ನ ತಟ್ಟೆಯ ಮುದ್ದೆ ಸಣ್ಣದಾಯಿತು, ಕಾಳಿನ ಪಲ್ಯ ಮೊದಲು ಬಂತು. ಇವತ್ತಿನವರೆಗೂ ಅದರ ಬಗ್ಗೆ ನಾವಿಬ್ಬರೂ ಮಾತೇ ಆಡಿಲ್ಲ. ಅತ್ತೆ, ನಿಮ್ಮ ಕಾಲಿಗೆ ಬಿದ್ದರೂ ಕಮ್ಮಿಯೇ.

ಸೊಪ್ಪು ಮಾರುವ ಅಕ್ಕನಿಗೂ ಒಂದು ನಮಸ್ಕಾರ. ಹೊನಗೊನೆ ಸೊಪ್ಪು ಸಿಕ್ಕ ದಿನ ಬೇರೆಯವರಿಗೆ ಕೊಡದೆ ನನಗೆ ತೆಗೆದಿಟ್ಟಿರುತ್ತಾರೆ.

‘ಒಳ್ಳೇದಾಯ್ತು, ನೀವೂ ಶುದ್ಧ ಆದ್ರಿ’ ಅಂತ ಒಂದಿಬ್ಬರು ಬಂದು ಹೊಗಳಿದರು. ಅವರಿಗೆ ಧನ್ಯವಾದ ಹೇಳಲ್ಲ. ಹಿಂದೆ ನಾನೇನೂ ಮೈಲಿಗೆಯಲ್ಲಿ ಇರಲಿಲ್ಲ. ನಮ್ಮ ದೇವರಿಗೂ ಮರಿ ಬೀಳುತ್ತದೆ, ಹಿರಿಯರ ಹಬ್ಬಕ್ಕೆ ಎಡೆಗೂ ಬಾಡು ಇಡುತ್ತೇವೆ. ಹಬ್ಬ, ಹೊಸತೊಡಕಿಗೆ ನಾನು ಈಗಲೂ ತಿನ್ನುತ್ತೇನೆ, ನಾಟಿ ಕೋಳಿ ಎರಡು ತುಂಡು. ಮೊಟ್ಟೆ, ಮೊಸರು ಬಿಟ್ಟಿಲ್ಲ. ಮಾಂಸ ಕಮ್ಮಿ ಮಾಡಿದವರಿಗೆ ಬಿ12 ಕಮ್ಮಿ ಆಗಬಹುದು ಅಂತ ಡಾಕ್ಟರ್ ಮೇಡಂ ಅದನ್ನೂ ಟೆಸ್ಟ್ ಮಾಡಿಸಿದರು. ಸರಿ ಇದೆ.

ನಾದಿನಿ, ಹೋದ ಯುಗಾದಿಗೆ ನೀನು ಅರ್ಧ ಒಬ್ಬಟ್ಟು ಬಡಿಸಿ ಮುಂದಕ್ಕೆ ಹೋದೆಯಲ್ಲ, ಅದನ್ನು ನಾನು ನೋಡಿದೆ. ಸಾಲಿನಲ್ಲಿ ಕೂತ ಎಲ್ಲರೂ ನೋಡಿದರು. ನೀನು ಏನೂ ಆಗದವಳ ಹಾಗೆ ಪಕ್ಕದ ಎಲೆಗೆ ಎರಡು ಹಾಕಿದೆ. ಮನೆಗೆ ಬಂದ ಮೇಲೆ ಅದನ್ನು ನೆನೆಸಿಕೊಂಡು ಅತ್ತೆ ಹತ್ತಿರ ಹೇಳಿದೆ.

ಇನ್ನು ಉಳಿದಿರೋದು ನಮ್ಮ ಆಶಾ ಕಾರ್ಯಕರ್ತೆ ತಂಗಿ. 30 ದಾಟಿದವರ ಬಿಪಿ, ಶುಗರ್ ನೋಡೋಕೆ ಮನೆಮನೆಗೆ ಬರುವ ಹುಡುಗಿ. ಹಾಲಿನ ಹೊತ್ತು, ಆಮೇಲೆ ಬಾ ಅಂತ ನಾನು ಎಷ್ಟು ಸಲ ಕಳಿಸಿದರೂ ಬೇಜಾರು ಮಾಡಿಕೊಳ್ಳದೆ ಮತ್ತೆ ಬಂದಳು. ಕೊನೆಗೆ ಡೇರಿಗೇ ಬಂದು ಬೆರಳು ಚುಚ್ಚಿದಳು. ಅವಳು ಆವತ್ತು ಬರದಿದ್ದರೆ ನಾನು ಇನ್ನೆರಡು ವರ್ಷ ಹಾಗೇ ಟೀ ಕುಡಿದುಕೊಂಡು ಇರುತ್ತಿದ್ದೆ. ಇವಳ ಸಂಬಳ ಎಷ್ಟು, ಅದು ಯಾವಾಗ ಬರುತ್ತದೆ ಅಂತ ನನಗೆ ಗೊತ್ತು. ಅದನ್ನು ಇಲ್ಲಿ ಬರೆದರೆ ಥ್ಯಾಂಕ್ಸ್ ಹೋಗಿ ಬೈಗುಳ ಆಗುತ್ತದೆ.

ತಂಗಿ, ಒಂದೇ ಒಂದು ಕೆಲಸ ಬಾಕಿ ಇದೆ. ನಮ್ಮ ಯಜಮಾನರು ಇನ್ನೂ ಬೆರಳು ಕೊಟ್ಟಿಲ್ಲ, ನೀನು ಬರೋದು ಕಂಡರೆ ಗದ್ದೆ ಕಡೆ ನಡೆಯುತ್ತಾರೆ. ಉಸಲಿ ಬೇಯಿಸುವ ಹೊತ್ತಿಗೆ, ಬೆಳಗ್ಗೆ ಐದೂವರೆಗೆ ಬಾ. ಒಲೆ ಮುಂದೆ ಸಿಗುತ್ತಾರೆ.